ಚಿತ್ರದ ಹಿಂದಿನ ಗಾಜು

ಶುಕ್ರವಾರ ಧೂಳು ಒರೆಸುವ ದಿನ. ಹಿಲ್ಡಾ ಮಹಡಿಯ ಕೊನೆಯ ಕೋಣೆಗೆ ಬಂದು, ಬಾಗಿಲು ಮುಂದೆ ಮಾಡಿಕೊಂಡು, ಮೊಮ್ಮಗಳ ಮಂಚದ ಮೇಲೆ ಮೊಣಕಾಲೂರಿ, ಗೋಡೆಯ ಚಿತ್ರದ ಕೆಳಗಿನ ಅಂಚನ್ನು ಎರಡು ಬೆರಳಲ್ಲಿ ಎತ್ತಿ ಹಿಂದೆ ಇಣುಕಿದಳು.

ಗಾಜು ಒಡೆದಿತ್ತು.

ಸರಿಯಾಗಿ ನಡುವೆ, ಯಾರೋ ಚಾಕುವಿನಲ್ಲಿ ಕೊಯ್ದ ಹಾಗೆ. ಎರಡು ತುಂಡುಗಳೂ ಒಂದರ ಪಕ್ಕ ಒಂದು ಸರಿಯಾಗಿ ನಿಂತಿರಲಿಲ್ಲ. ಸಮುದ್ರದ ಕಡೆಯದು ಸ್ವಲ್ಪ ಕೆಳಗೆ ಜಾರಿತ್ತು. ಹಿಲ್ಡಾ ಚಿತ್ರವನ್ನು ಮೆಲ್ಲಗೆ ಬಿಟ್ಟು, ಅದರ ಮೇಲಿನ ಧೂಳು ಒರೆಸಿ, ಮಂಚದಿಂದ ಇಳಿದು, ಹಾಸಿಗೆಯ ಸುಕ್ಕು ಸರಿಮಾಡಿದಳು.

ಸ್ಕಾರ್ಬಿ ಊರಿನ ದಡವೆಲ್ಲ ಜೇಡಿಮಣ್ಣು. ಸಮುದ್ರ ಪ್ರತಿ ಚಳಿಗಾಲದಲ್ಲೂ ಅದನ್ನು ಒಂದಿಷ್ಟು ತಿಂದುಕೊಂಡು ಹೋಗುತ್ತದೆ. ದಡದ ಸಾಲಿನ ಪ್ರತಿ ಮನೆಯಲ್ಲೂ ಯಾವುದೋ ಒಂದು ಗೋಡೆಯಲ್ಲಿ ಕೂದಲೆಳೆಯಂಥ ಬಿರುಕು ಇದ್ದೇ ಇರುತ್ತಿತ್ತು. ಆ ಬಿರುಕಿಗೆ ಅಡ್ಡಲಾಗಿ ಬೆರಳುದ್ದದ ಗಾಜಿನ ಪಟ್ಟಿ ಇಟ್ಟು, ಎರಡು ತುದಿಗೂ ಗಾರೆ ಮೆತ್ತುತ್ತಿದ್ದರು. ಗೋಡೆ ಸುಮ್ಮನಿದ್ದರೆ ಗಾಜು ಉಳಿಯುತ್ತದೆ, ಅಲುಗಿತೋ ಗಾಜು ತಾಳುವುದಿಲ್ಲ. ಅಷ್ಟೇ ವಿದ್ಯೆ. ಬೇರೆ ಊರಿನವರು ಎದುರಾದರೆ ಮಳೆ ಗಾಳಿ ಮಾತಾಡುತ್ತಾರೆ. ಈ ಸಾಲಿನವರು "ಗಾಜು ಹ್ಯಾಗಿದೆ?" ಅನ್ನುತ್ತಿದ್ದರು. "ಗಟ್ಟಿಯಾಗಿದೆ" ಅನ್ನುವುದು ಉತ್ತರ. ಬೇರೆ ಉತ್ತರ ಕೇಳಿದವರು ಕಡಿಮೆ.

ಹಿಲ್ಡಾಳ ತೀರಿಹೋದ ಗಂಡ ವಾಲ್ಟರ್ ಗಾರೆ ಕೆಲಸದವನು. ಮೊದಲ ಗಾಜು ಮೆತ್ತಿದವನು ಅವನೇ. ಹೆಂಡತಿ ದಿನಾ ಅದನ್ನೇ ನೋಡುತ್ತ ಕೂರಬಾರದೆಂದು ಅದರ ಮೇಲೆ ಈ ಚಿತ್ರ ತೂಗುಹಾಕಿದ. ಹಳೆಯ ಪಾದ್ರಿಗಳ ಮನೆ ಸಮುದ್ರಕ್ಕೆ ಬೀಳುವ ಮುಂಚೆ ಸಾಮಾನು ಹೊರಹಾಕಲು ಹೋಗಿದ್ದಾಗ ಪಾದ್ರಿಗಳು ಅವನಿಗೆ ಕೊಟ್ಟ ಚಿತ್ರ ಅದು. ನೀರುಬಣ್ಣದ್ದು, ನೂರು ವರ್ಷಕ್ಕೂ ಹಿಂದಿನ ಸ್ಕಾರ್ಬಿ ಊರು: ಇಗರ್ಜಿ, ಎರಡು ಬೀದಿ, ದಡದಲ್ಲಿ ಒಣಹಾಕಿದ ಬಲೆಗಳು, ಕೊಡೆ ಹಿಡಿದ ಹೆಂಗಸರು.

"ಮನೇಲಿ ಒಬ್ಬರೇ ನೋಡಬೇಕು ಹಿಲ್ಡಾ," ಎಂದಿದ್ದ ವಾಲ್ಟರ್. "ನಾಲ್ಕು ಜನ ನೋಡಿದ್ರೆ ನಾಲ್ಕು ಮಾತು ಹುಟ್ಟತ್ತೆ. ಗಾಜು ಇರೋತನಕ ನೆಮ್ಮದಿಯಾಗಿ ಮಲಕ್ಕೋ. ಒಡೆದ ದಿನ ಒಲೆ ಮೇಲಿನ ಪಾತ್ರೆ ಸಹ ಇಳಿಸಬೇಡ. ಹೊರಡು."

ವಾಲ್ಟರ್ ಮೆತ್ತಿದ ಗಾಜು ಹೋದ ಶರತ್ಕಾಲದಲ್ಲೇ ಒಡೆದಿತ್ತು. ಮೊಮ್ಮಗಳು ಲಿನೆಟ್ ಬಾಗಿಲನ್ನು ಅಷ್ಟು ಜೋರಾಗಿ ಬಡಿಯುತ್ತಾಳಲ್ಲ, ಅದಕ್ಕೇ ಒಡೆದಿರಬೇಕು ಎಂದುಕೊಂಡಳು ಹಿಲ್ಡಾ. ಯಾರಿಗೂ ಹೇಳಲಿಲ್ಲ. ಹಳೆಯ ಫೋಟೋ ಚೌಕಟ್ಟಿನಿಂದ ಒಂದು ಪಟ್ಟಿ ಗಾಜು ತೆಗೆದು, ವಾಲ್ಟರನ ಡಬ್ಬಿಯಲ್ಲಿದ್ದ ಗಾರೆ ಕಲಸಿ, ತಾನೇ ಮೆತ್ತಿದಳು. ಈಗ ಒಡೆದಿದ್ದು ಅವಳು ಮೆತ್ತಿದ ಗಾಜು.

ಹೇಳಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಸಾಲಿನ ತುದಿಯಲ್ಲಿದ್ದ ರೇ ಮನೆಯವರು ಹೇಳಿದ್ದರು. ಪುರಸಭೆಯವರು ಬಂದು ಬಾಗಿಲಿಗೆ ಕಾಗದ ಅಂಟಿಸಿ, ಮನೆ ಕೆಡವಿ, ಅವರನ್ನು ಒಳನಾಡಿನ ಊರಿನ ಎತ್ತರದ ಕಟ್ಟಡದಲ್ಲಿ ಒಂದು ಮನೆಗೆ ಸಾಗಿಸಿದರು. ಹಿಲ್ಡಾ ಒಂದು ಸಲ ನೋಡಲು ಹೋಗಿದ್ದಳು. ಲಿಫ್ಟಿನಲ್ಲಿ ಉಚ್ಚೆಯ ನಾತ. ಮುದುಕ ರೇ ಕಿಟಕಿಗೆ ಬೆನ್ನು ಹಾಕಿ ಕೂತಿದ್ದ. "ಇಲ್ಲಿ ಸಮುದ್ರದ ಸದ್ದಿಲ್ಲ ಹಿಲ್ಡಾ, ನಿದ್ದೇನೇ ಬರಲ್ಲ" ಎಂದಿದ್ದ. ವಸಂತ ಬರುವ ಮುಂಚೆ ತೀರಿಕೊಂಡ.

*

ಭಾನುವಾರದ ಊಟಕ್ಕೆ ಎಲ್ಲರೂ ಕೂತಿದ್ದರು. ಮೊದಲು ಸಿಹಿಯಿಲ್ಲದ ಉಬ್ಬಿದ ಪುಡಿಂಗ್ ಮತ್ತು ಗ್ರೇವಿ, ಆಮೇಲೆ ಮಾಂಸ. ಸೊಸೆ ಮೋರೀನ್ ಬಡಿಸುತ್ತಲೇ ಮಾತು ತೆಗೆದಳು.

"ಮೇಲಿನ ಚಿತ್ರ ಮಾರೋಣ."

ಹಿಲ್ಡಾಳ ಮುಳ್ಳುಚಮಚ ತಟ್ಟೆಯ ಮೇಲೆ ನಿಂತಿತು.

"ಯಾವ ಚಿತ್ರ?" ಎಂದ ಮಗ ಕ್ಲೈವ್. ಊರಂಚಿನಲ್ಲಿ ಪ್ರವಾಸಿಗರು ತಂಗುವ ಗಾಡಿಮನೆಗಳ ಕ್ಯಾರವಾನ್ ಪಾರ್ಕಿನಲ್ಲಿ ನಲ್ಲಿ, ಬೀಗ, ಮುರಿದ ಮೆಟ್ಟಿಲು ಎಲ್ಲಾ ರಿಪೇರಿ ಮಾಡುವವನು ಅವನು. ಮನೆಯಲ್ಲಿ ಮಾತು ಕಡಿಮೆ.

"ಈ ಮನೇಲಿ ಇನ್ನೆಷ್ಟು ಚಿತ್ರ ಇದೆ? ಯಾರ್ಕ್‌ನಲ್ಲಿ ಒಬ್ಬ ವ್ಯಾಪಾರಿ ಹಳೇ ಸಮುದ್ರತೀರದ ಚಿತ್ರ ಕೊಂಡ್ಕೋತಾನಂತೆ. ಪಾರ್ಕಿನ ಆಫೀಸಿನಲ್ಲಿ ಹೇಳಿದ್ರು. ಆ ದುಡ್ಡಲ್ಲಿ ಮೇಲೊಂದು ಸ್ನಾನದ ಕೋಣೆ ಮಾಡಿಸಿದ್ರೆ ಬೇಸಿಗೇಲಿ ಅತಿಥಿಗಳನ್ನ ಇಟ್ಕೋಬಹುದು. ದಡದ ಮನೆಗೆ ಬ್ಯಾಂಕಿನವರು ಸಾಲ ಕೊಡಲ್ಲ, ನಿಮಗೇ ಗೊತ್ತು. ನಾನಿನ್ನೂ ಎಷ್ಟು ವರ್ಷ ಬೇರೆಯವರ ಕ್ಯಾರವಾನ್ ಗುಡಿಸ್ತಾ ಇರಲಿ?"

"ನನ್ನ ಕೋಣೇಲಿ ಯಾರೋ ಬೋಳುತಲೆ ದಂಪತಿ ಮಲಗ್ತಾರಾ?" ಎಂದಳು ಲಿನೆಟ್. ಹದಿನಾರರ ಹುಡುಗಿ, ಶುಕ್ರವಾರ ಸಂಜೆ ಮೀನು ಕರಿಯುವ ಅಂಗಡಿಯಲ್ಲಿ ಕೆಲಸ ಮಾಡಿ ಎಣ್ಣೆಯ ವಾಸನೆ ಹೊತ್ತು ಬರುತ್ತಿದ್ದಳು.

"ದಂಪತಿ ಇಬ್ಬರೂ ಬೋಳಾಗಿರಲ್ಲ. ತಿನ್ನು."

"ಅದು ನಿಮ್ಮ ಅಪ್ಪ ಹಾಕಿದ ಚಿತ್ರ" ಎಂದಳು ಹಿಲ್ಡಾ, ಮಗನ ಕಡೆ ತಿರುಗಿ.

"ಮಾವ ಇದ್ದಿದ್ರೆ ಅವರೇ ಮಾರ್ತಿದ್ರು ಅತ್ತೆ. ಅವರಿಗೆ ಚಿತ್ರಕ್ಕಿಂತ ಗೋಡೆ ಮುಖ್ಯ."

ಕ್ಲೈವ್ ಅಗಿಯುವುದು ನಿಲ್ಲಿಸಿದ. "ಅಮ್ಮಾ, ಗಾಜು ಹ್ಯಾಗಿದೆ? ಗೋಡೆ ಪಕ್ಕ ಕೊಳವೆಗೆ ಅಗೀಬೇಕಾಗತ್ತೆ. ತೊಟ್ಟಿ ತುಂಬಿದ್ರೆ ಭಾರ ಬೇರೆ."

ಎಲ್ಲರೂ ಅವಳನ್ನೇ ನೋಡಿದರು. ಮೋರೀನಳ ಕೈಯಲ್ಲಿ ಗ್ರೇವಿಯ ಚಮಚ ಹಾಗೇ ಇತ್ತು. ಎಷ್ಟೋ ವರ್ಷದ ಮೇಲೆ ಅವಳ ಮುಖದಲ್ಲಿ ಒಂದು ಆಸೆ ಕಾಣುತ್ತಿತ್ತು.

"ಗಟ್ಟಿಯಾಗಿದೆ" ಎಂದಳು ಹಿಲ್ಡಾ.

"ಹಾಗಾದ್ರೆ ಸರಿ" ಎಂದ ಕ್ಲೈವ್, ಮತ್ತೆ ಅಗಿಯತೊಡಗಿದ. ಅಮ್ಮ ಹೇಳಿದ ಮೇಲೆ ಹೋಗಿ ನೋಡುವ ಪದ್ಧತಿ ಆ ಮನೆಯಲ್ಲಿರಲಿಲ್ಲ.

*

ಮಾರನೆಯ ದಿನವೇ ಹಿಲ್ಡಾ ತನ್ನ ದಿಂಬು ಹೊದಿಕೆ ಎತ್ತಿಕೊಂಡು ಕೊನೆಯ ಕೋಣೆಗೆ ಬಂದಳು.

"ನೀನು ನನ್ನ ಕೋಣೇಲಿ ಮಲಕ್ಕೋ ಪುಟ್ಟಿ. ಇಲ್ಲಿ ಚಳಿ ಜಾಸ್ತಿ, ನಿಂಗೆ ಕೆಮ್ಮಿದೆ."

"ನಂಗೆಲ್ಲಿ ಕೆಮ್ಮಿದೆ ಅಜ್ಜಿ?"

"ಬರತ್ತೆ."

"ನಿಮ್ಮ ಕೋಣೆ ತುಂಬಾ ಕರ್ಪೂರದ ವಾಸನೆ."

"ನಿನ್ನ ಕೋಣೆ ತುಂಬಾ ಮೀನಿನ ವಾಸನೆ. ಸಮ ಆಯ್ತಲ್ಲ. ಹೊರಡು."

ಲಿನೆಟ್ ತಲೆ ಚಚ್ಚಿಕೊಂಡು ತನ್ನ ರೇಡಿಯೋ ಎತ್ತಿಕೊಂಡು ಹೋದಳು. ಅಜ್ಜಿಯ ಕೋಣೆ ಮೆಟ್ಟಿಲಿಗೆ ಹತ್ತಿರ, ಬೀದಿಯ ಕಡೆಗೆ. ಹುಡುಗಿ ಅಲ್ಲಿದ್ದರೆ ಓಡಲಾದರೂ ಆದೀತು ಎಂದು ಹಿಲ್ಡಾಳ ಲೆಕ್ಕ.

ಆಮೇಲಿನ ವಾರಗಳಲ್ಲಿ ಅವಳ ಕಿವಿಗೆ ಮನೆಯ ಸದ್ದುಗಳೆಲ್ಲ ಬೇರೆಯಾಗಿ ಕೇಳಿಸತೊಡಗಿದವು. ಕಪಾಟಿನ ಬಾಗಿಲು ತಾನಾಗಿ ತೆರೆದುಕೊಂಡರೆ ಎದ್ದು ಹೋಗಿ ಮುಚ್ಚಿ, ಮತ್ತೆ ತೆರೆದೀತೇ ಎಂದು ಕಾಯುತ್ತಿದ್ದಳು. ಮೇಜಿನ ಮೇಲೆ ಉರುಳಿದ ಬಟಾಣಿ ಕಾಳು ಸಮುದ್ರದ ಕಡೆಗೇ ಉರುಳಿತಾ ಎಂದು ನೋಡುತ್ತಿದ್ದಳು. ಗೋಡೆಯೊಳಗೆ ಏನೋ ಸಣ್ಣಗೆ ಟಿಕ್ಕೆನ್ನುತ್ತಿತ್ತು. ಇಲಿ ಇರಬಹುದು. ಇಲಿಯೇ ಇರಲಿ ಎಂದು ಅವಳು ಬೇಡಿಕೊಳ್ಳುತ್ತಿದ್ದಳು. ಚಿತ್ರ ಎತ್ತಿ ನೋಡುವುದನ್ನು ಬಿಟ್ಟೇಬಿಟ್ಟಳು.

ಗುರುವಾರ ಮೀನಿನ ಗಾಡಿ ಬಂದಾಗ ಪಕ್ಕದ ಮನೆಯ ಐವಿ ಎಲರ್ಬಿ ಸಿಕ್ಕಳು. ಇಬ್ಬರ ಮನೆಗೂ ನಡುವೆ ಒಂದೇ ಗೋಡೆ, ನಲವತ್ತು ವರ್ಷದ ಒಡನಾಟ.

"ಗಾಜು ಹ್ಯಾಗಿದೆ ಹಿಲ್ಡಾ?"

"ಗಟ್ಟಿಯಾಗಿದೆ. ನಿಮ್ಮದು?"

"ಗಟ್ಟಿಯಾಗಿದೆ" ಎಂದಳು ಐವಿ. ತನ್ನ ಕೈಚೀಲದ ಬಾಯನ್ನು ಎರಡು ಸಲ ಮುಚ್ಚಿದಳು. "ಮೀನು ತಾಜಾ ಇಲ್ಲ ಅಲ್ವಾ ಇವತ್ತು?"

"ಇಲ್ಲ" ಎಂದಳು ಹಿಲ್ಡಾ. ಮೀನಿನ ಕಡೆ ಇಬ್ಬರೂ ನೋಡಿರಲಿಲ್ಲ.

ಹಿಲ್ಡಾ ಮನೆಗೆ ಹಿಂದಿರುಗಿದಾಗ ಅಡುಗೆಮನೆಯಲ್ಲಿ ಮೋರೀನ್ ಬಟ್ಟೆ ಇಸ್ತ್ರಿ ಮಾಡುತ್ತಿದ್ದಳು.

"ಕೇಳ್ತೀನಿ ಅಂತ ತಪ್ಪು ತಿಳೀಬೇಡಿ ಅತ್ತೆ. ಚಿತ್ರಕ್ಕೆ ಕಾವಲು ಮಲಗಿದೀರಾ ಅಲ್ಲಿ?"

"ಯಾಕೆ ಹಾಗಂತೀಯ?"

"ಮತ್ತೇನು? ನಾನು ಮಾರೋಣ ಅಂದ ಮಾರನೇ ದಿನ ಮಂಚ ಏರಿದ್ರಿ. ರಾತ್ರಿ ನಾನು ಬಂದು ಕದ್ದುಬಿಡ್ತೀನಿ ಅಂತಾನಾ?"

"ನಿಂಗೆ ಆ ಸ್ನಾನದ ಕೋಣೆ ಯಾಕೆ ಬೇಕು ಮೋರೀನ್? ಇಷ್ಟು ದಿನ ಹಿತ್ತಿಲಲ್ಲೇ ಆಯ್ತಲ್ಲ."

"ಅದೇ, ಇಷ್ಟು ದಿನ ಆಯ್ತು!" ಮೋರೀನ್ ಇಸ್ತ್ರಿಪೆಟ್ಟಿಗೆಯನ್ನು ಕುಕ್ಕಿದಳು. "ಈ ಮನೇಗೆ ಬಂದಾಗಿಂದ ಬಕೆಟ್ಟು ಹೊತ್ತೆ. ಒಂದು ದಿನ, ಒಂದೇ ಒಂದು ದಿನ, ಈ ಮನೇಲಿ ಏನಾದ್ರೂ ಹೊಸದು ಮಾಡೋಣ ಅಂದ್ರೆ ನಿಮ್ಮ ಮುಖ ಸಾವಿನ ಮನೆ ಥರ ಆಗತ್ತೆ."

ಹೇಳಿಬಿಡುವ ಮಾತು ಹಿಲ್ಡಾಳ ಗಂಟಲವರೆಗೆ ಬಂತು. ಆಗಲೇ ಕಿಟಕಿಯಾಚೆ, ಸ್ನಾನದ ಕೋಣೆಗೆ ಅಳತೆ ತೆಗೆಯಲು ಬಂದ ಗುತ್ತಿಗೆದಾರನ ಗಾಡಿ ನಿಂತ ಸದ್ದು. ಮೋರೀನ್ ಮುಂಗುರುಳು ಸರಿಮಾಡಿಕೊಂಡು ನಗುತ್ತ ಬಾಗಿಲಿಗೆ ಹೋದಳು. ಮಾತು ಹೊಟ್ಟೆಗೆ ಇಳಿದುಹೋಯಿತು.

*

ಯಾರ್ಕಿನ ವ್ಯಾಪಾರಿ ಮಿಸ್ಟರ್ ಟೆಂಪಲ್ಟನ್ ಬರಲಿದ್ದ ಶನಿವಾರ ಬೆಳಗ್ಗೆ ಎಲ್ಲರೂ ಕೆಳಗಿದ್ದಾಗ ಹಿಲ್ಡಾ ಚಿತ್ರವನ್ನು ಇಳಿಸಿದಳು. ಗಾಜಿನ ತುಂಡುಗಳ ನಡುವೆ ಈಗ ಅವಳ ಹೆಬ್ಬೆರಳು ಹೋಗುವಷ್ಟು ಜಾಗ. ಬಿರುಕಿನಿಂದ ಮುಖಕ್ಕೆ ತಣ್ಣನೆಯ ಉಸಿರು ತಾಗಿತು, ಉಪ್ಪಿನ ವಾಸನೆಯದು. ಅವಳು ಹಳೆಯ ಚಿಂದಿ ತುರುಕಿ, ಪೆಟ್ಟಿಗೆಯಲ್ಲಿ ಉಳಿದಿದ್ದ ಗೋಡೆಕಾಗದದ ತುಂಡನ್ನು ಮೈದಾ ಅಂಟಿನಿಂದ ಮೇಲೆ ಅಂಟಿಸಿ, ಚಿತ್ರವನ್ನು ಮತ್ತೆ ತೂಗುಹಾಕಿದಳು.

ಟೆಂಪಲ್ಟನ್ ಸಾಧು ಮನುಷ್ಯ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದ. ಚಿತ್ರ ಇಳಿಸಿಕೊಂಡು ಕಿಟಕಿಯ ಹತ್ತಿರ ಹೋದ.

"ಇದೇನು, ಇಲ್ಲಿ ಹೊಸ ಕಾಗದ?" ಮೋರೀನ್ ಗೋಡೆ ನೋಡಿದಳು.

"ತೇವ ಬಂದಿತ್ತು. ಹಚ್ಚಿದೆ" ಎಂದಳು ಹಿಲ್ಡಾ.

"ಪರವಾಗಿಲ್ವೇ, ನಮ್ಮತ್ತೆ ಕೂಡ ಚಿತ್ರ ಮಾರೋಕೆ ಸಿಂಗಾರ ಮಾಡಿದಾರೆ!" ಮೋರೀನ್‌ಗೆ ಅವತ್ತು ಎಲ್ಲವೂ ಸಂತೋಷವೇ.

ಟೆಂಪಲ್ಟನ್ ಚೌಕಟ್ಟು ಬಿಚ್ಚಿ, ಸುತ್ತಲಿನ ರಟ್ಟಿನ ಅಂಚು ಸರಿಸಿದ. ಅಷ್ಟು ವರ್ಷ ರಟ್ಟಿನಡಿ ಅಡಗಿದ್ದ ಒಂದು ಪಟ್ಟಿ ಬಣ್ಣ ಹೊರಗೆ ಬಂತು. ಬಿಸಿಲು ಕಾಣದ್ದರಿಂದ ನಿನ್ನೆ ಬಿಡಿಸಿದಷ್ಟು ಹಸಿರು. ಹೊಲ, ಎರಡು ಹಸು, ಹಿಂದೆ ಒಂದು ಚಿಕ್ಕ ಸಾಲುಮನೆ.

"ಅಯ್ಯೋ, ನಮ್ಮ ಮನೆ!" ಎಂದಳು ಮೋರೀನ್. "ಕ್ಲೈವ್, ನೋಡಿ, ನಮ್ಮ ಹೊಗೆಕೊಳವೆ!"

"ಸಮುದ್ರ ಎಷ್ಟು ದೂರ ಇದೆ" ಎಂದಳು ಲಿನೆಟ್. "ನಮ್ಮ ಹಿತ್ತಿಲಾಚೆ ಹೊಲ, ಹೊಲದಾಚೆ ಬೀದಿ, ಆಮೇಲೆ ಇನ್ನೊಂದು ಬೀದಿ, ಆಮೇಲೆ ಇಗರ್ಜಿ."

"ಇಗರ್ಜಿ ಈಗ ಎಲ್ಲಿದೆ?" ಎಂದು ಕೇಳಿದ ಟೆಂಪಲ್ಟನ್.

ಲಿನೆಟ್ ಕಿಟಕಿಯಾಚೆ, ಬೂದಿ ಬಣ್ಣದ ನೀರಿನ ನಡುವೆ, ಬೆರಳು ಮಾಡಿದಳು. "ಅಲ್ಲಿ."

ಅವನು ಕಿಟಕಿಯಿಂದ ಕೆಳಗೆ ನೋಡಿದ. ಹಿತ್ತಿಲ ಬೇಲಿ, ಒಂದಿಷ್ಟು ಹುಲ್ಲು, ಆಮೇಲೆ ಏನೂ ಇಲ್ಲ. ಚಿತ್ರ ನೋಡಿದ, ಮತ್ತೆ ಕಿಟಕಿ ನೋಡಿದ. ಮಾತಾಡುವಾಗ ದನಿ ಇಳಿದಿತ್ತು.

"ಈ ಕೋಣೇಲಿ ಯಾರಾದ್ರೂ ಮಲಗ್ತೀರಾ?"

"ನಾನು" ಎಂದಳು ಹಿಲ್ಡಾ. ಅವನು ಅವಳ ಮುಖ ನೋಡಿದ. ಅವಳು ಬೇರೆ ಕಡೆ ತಿರುಗಿದಳು.

ಮೋರೀನ್ ಎಣಿಸಿದ್ದಕ್ಕಿಂತ ಹೆಚ್ಚೇ ಬೆಲೆ ಕೊಟ್ಟ. ಚಿತ್ರವನ್ನು ಕಂಬಳಿಯಲ್ಲಿ ಸುತ್ತಿ ಕಾರಿಗೆ ಇಡುವಾಗ, "ಹುಷಾರಾಗಿರಿ" ಎಂದು ಎರಡು ಸಲ ಹೇಳಿ ಹೋದ.

*

ಅವತ್ತು ಸಂಜೆಯ ಊಟಕ್ಕೆ ಮೋರೀನ್ ಹಂದಿಮಾಂಸದ ಕಡುಬು, ಡಬ್ಬಿಯ ಪೀಚ್ ಹಣ್ಣು, ಅದರ ಮೇಲೆ ಕೆನೆ, ಎಲ್ಲಾ ತಂದಿದ್ದಳು. ಒಲೆಯ ಮೇಲೆ ಚಹಾದ ಕೆಟಲ್ ಇಟ್ಟು ಹಾಡು ಗುನುಗುತ್ತಿದ್ದಳು. ಲಿನೆಟ್ ಕಡುಬಿನ ಕೊನೆಯ ತುಂಡು ಬಾಯಿಗೆ ತುರುಕಿ ಎದ್ದಳು.

"ಎಲ್ಲಿಗೆ?"

"ನನ್ನ ಕೋಣೆಗೆ. ಚಿತ್ರ ಹೋಯ್ತು, ಅಜ್ಜಿ ಕಾವಲೂ ಮುಗೀತು. ಕೊಳವೆಯವನು ಬರೋ ತನಕನಾದ್ರೂ ನನ್ನ ಮಂಚದಲ್ಲಿ ಮಲಗ್ತೀನಿ. ಖಾಲಿ ಜಾಗಕ್ಕೆ ನನ್ನ ಪೋಸ್ಟರ್ ಹೊಡೀತೀನಿ."

"ಇವತ್ತು ಬೇಡ" ಎಂದಳು ಹಿಲ್ಡಾ.

"ಅಜ್ಜೀ!"

"ಹೋಗಲಿ ಬಿಡಿ ಅತ್ತೆ" ಎಂದಳು ಮೋರೀನ್.

ಹುಡುಗಿ ಎರಡೆರಡು ಮೆಟ್ಟಿಲು ಹಾರಿ ಓಡಿದಳು. ಮೇಲೆ ಮಂಚ ಎಳೆಯುವ ಸದ್ದು. ಕ್ಲೈವ್ ಚಹಾದ ಬಟ್ಟಲನ್ನು ಮುಂದಕ್ಕೆ ತಳ್ಳಿದ.

"ಸೋಮವಾರ ಅಗೆಯೋಕೆ ಬರ್ತಾರೆ ಅಮ್ಮಾ. ಒಂದು ಸಲ ಶುರುವಾದ್ರೆ ನಿಲ್ಲಿಸೋಕಾಗಲ್ಲ. ಕೊನೇ ಸಲ ಕೇಳ್ತೀನಿ. ಗಾಜು ಹ್ಯಾಗಿದೆ?"

ಮೇಲಿನಿಂದ ಮೊಳೆಯ ಮೇಲೆ ಸುತ್ತಿಗೆಯ ಏಟು. ಒಂದು. ಎರಡು. ಮೇಜಿನ ಮೇಲಿನ ಪೀಚ್ ಹಣ್ಣಿನ ರಸ ಬಟ್ಟಲಲ್ಲಿ ನಡುಗಿತು.

"ಅವಳನ್ನ ಕೆಳಗೆ ಕರಿ" ಎಂದಳು ಹಿಲ್ಡಾ.

"ಏನು?"

"ಒಡೆದಿದೆ ಕ್ಲೈವ್. ಗಾಜು ಒಡೆದಿದೆ. ಹುಡುಗೀನ ಕೆಳಗೆ ಕರಿಯೋ!"

ಕ್ಲೈವ್ ಕುರ್ಚಿ ಬೀಳಿಸಿಕೊಂಡು ಓಡಿದ. ಲಿನೆಟ್ ಕೈಯಲ್ಲಿ ಸುತ್ತಿಗೆ ಹಿಡಿದೇ ಕೆಳಗೆ ಬಂದಳು, ಮುಖ ಬಿಳುಚಿತ್ತು. "ಮೊಳೆ ಒಳಗೇ ಹೋಗ್ಬಿಡ್ತು ಅಮ್ಮ. ಗೋಡೆ ಒಳಗೆ ಬಿದ್ದ ಸದ್ದೇ ಕೇಳಲಿಲ್ಲ." ಕ್ಲೈವ್ ಬರಲು ಸ್ವಲ್ಪ ಹೊತ್ತು ಹಿಡಿಯಿತು. ಅವನ ಒಂದು ಕೈಯಲ್ಲಿ ಗೋಡೆಕಾಗದ, ಇನ್ನೊಂದರಲ್ಲಿ ಚಿಂದಿ.

"ನನ್ನ ಕೈ ಮಣಿಕಟ್ಟಿನ ತನಕ ಹೋಯ್ತು" ಎಂದ. "ಯಾವಾಗಿಂದ?"

ಹಿಲ್ಡಾ ಅವನ ಕೈಯ ಚಿಂದಿಯನ್ನೇ ನೋಡಿದಳು.

"ಯಾವಾಗಿಂದ ಅಮ್ಮಾ?"

"ಮೊದಲನೇದು ಶರತ್ಕಾಲದಲ್ಲಿ. ಬಾಗಿಲು ಬಡಿದಿದ್ದಕ್ಕೆ ಅಂದ್ಕೊಂಡೆ. ಹೊಸದು ಮೆತ್ತಿದೆ. ಅದೂ ಹೋಯ್ತು."

"ಹೊಸದು ಮೆತ್ತಿದ್ರಾ?" ಕ್ಲೈವನ ದನಿ ಏರಲಿಲ್ಲ, ಅದೇ ಹೆಚ್ಚು ಭಯವಾಗುವಂತಿತ್ತು. "ಅಪ್ಪ ಗಾಜು ಇಟ್ಟಿದ್ದು ಯಾಕೆ? ಒಡೆದ್ರೆ ಬದಲಾಯಿಸ್ತಾ ಇರೋಕಾ?"

"ನನ್ನ ಮಗಳು ಅಲ್ಲಿ ಮಲಗ್ತಿದ್ಲು" ಎಂದಳು ಮೋರೀನ್.

"ಅದಕ್ಕೇ ಅವಳನ್ನ ಎಬ್ಬಿಸಿ ನಾನು ಮಲಗಿದೆ."

"ನೀವು ಮಲಗಿದ್ರೆ ಗೋಡೆ ಸುಮ್ನಿರತ್ತಾ? ಬೀಳೋವಾಗ ಅದು ನಿಮ್ಮನ್ನ ಮಾತ್ರ ಕರ್ಕೊಂಡು ಹೋಗತ್ತಾ? ನಾವೆಲ್ಲ ಎಲ್ಲಿದ್ವಿ, ಪಕ್ಕದ ಊರಲ್ಲಾ?"

"ರೇ ಥರ ಸಾಯೋಕೆ ಭಯ ಆಯ್ತು ಮೋರೀನ್. ಆ ಮೇಲಿನ ಮನೇಲಿ, ಗೋಡೆ ನೋಡ್ತಾ. ಇನ್ನೊಂದು ಬೇಸಿಗೆ, ಇನ್ನೊಂದು ಬೇಸಿಗೆ ಅಂದ್ಕೊಂಡೆ. ನಿನ್ನ ಮುಖದಲ್ಲಿ ಆ ಸ್ನಾನದ ಕೋಣೆ ನೋಡಿದ ಮೇಲಂತೂ ಬಾಯೇ ಬರಲಿಲ್ಲ."

ಮೋರೀನ್ ಏಪ್ರನ್ನಿನ ಜೇಬಿನಿಂದ ಟೆಂಪಲ್ಟನ್ ಕೊಟ್ಟ ನೋಟುಗಳ ಲಕೋಟೆ ತೆಗೆದು ನೋಡಿ, ಕೋಟಿನ ಜೇಬಿಗೆ ಹಾಕಿಕೊಂಡಳು. "ಲಿನೆಟ್, ಬೂಟು ಹಾಕ್ಕೋ. ನಿನ್ನ ಅಜ್ಜಿ ಕೋಟು ತಾ, ಬಾಗಿಲ ಹಿಂದೆ ಇದೆ. ಮೇಲೆ ಯಾರೂ ಹತ್ತಬೇಡಿ."

ಕೆಟಲ್ ಕೂಗತೊಡಗಿತು. ಹಿಲ್ಡಾ ಅಭ್ಯಾಸದಂತೆ ಅದರ ಹಿಡಿಗೆ ಕೈ ಚಾಚಿದಳು.

"ಬಿಡಿ ಅಮ್ಮಾ" ಎಂದ ಕ್ಲೈವ್. ಅನಿಲ ಮಾತ್ರ ಆರಿಸಿ, ಅವಳ ಮೊಣಕೈ ಹಿಡಿದುಕೊಂಡ. "ಅಪ್ಪ ಯಾವಾಗ್ಲೂ ಏನು ಹೇಳ್ತಿದ್ರು? ಇಳಿಸಬೇಡಿ. ನಡೀರಿ."

*

ಅವತ್ತು ರಾತ್ರಿ ಕ್ಯಾರವಾನ್ ಪಾರ್ಕಿನಲ್ಲಿ ಖಾಲಿ ಇದ್ದ ಒಂದು ಗಾಡಿಯಲ್ಲಿ ನಾಲ್ಕೂ ಜನ ಮುದುಡಿಕೊಂಡಿದ್ದರು. ಬೆಳಗ್ಗೆ ನೋಡಿದರೆ ಮನೆ ನಿಂತೇ ಇತ್ತು. ದೂರದಿಂದ ನೋಡಿದವರಿಗೆ ಏನೂ ಆಗಿಲ್ಲ ಅನ್ನಿಸಬೇಕು. ಕೊನೆಯ ಕೋಣೆಯ ಕಿಟಕಿಯಲ್ಲಿ ಪರದೆ ಒಳಗಿನಿಂದ ಹೊರಕ್ಕೆ, ಹೊರಗಿನಿಂದ ಒಳಕ್ಕೆ ಉಸಿರಾಡುತ್ತಿತ್ತು.

ಕ್ಲೈವ್ ಪುರಸಭೆಗೆ ತಿಳಿಸಲು ಫೋನ್ ಪೆಟ್ಟಿಗೆಗೆ ಹೋಗಿದ್ದ. ಮೋರೀನ್ ಅತ್ತೆಯ ಜೊತೆ ಇನ್ನೂ ಮಾತಾಡಿರಲಿಲ್ಲ. ಆದರೆ ಅವಳ ಕೈಗೆ ಚಹಾ ಕೊಟ್ಟಿದ್ದಳು, ಸಕ್ಕರೆ ಎರಡು ಚಮಚ ಹಾಕಿ, ಎಂದಿನ ಹಾಗೆ.

ಹಿಲ್ಡಾ ಬಟ್ಟಲು ಹಿಡಿದು ಪಾರ್ಕಿನ ಗೇಟಿನ ಹತ್ತಿರ ನಿಂತಿದ್ದಳು. ದಾರಿಯಲ್ಲಿ ಐವಿ ಎಲರ್ಬಿ ಬರುತ್ತಿದ್ದಳು, ತಲೆಗೆ ಸ್ಕಾರ್ಫು ಕಟ್ಟಿ, ಬ್ರೆಡ್ಡು ತರಲು. ಹಿಲ್ಡಾಳನ್ನು ಕ್ಯಾರವಾನ್ ಗೇಟಿನಲ್ಲಿ, ಮನೆಯೊಳಗೆ ಹಾಕುವ ಚಪ್ಪಲಿಯಲ್ಲಿ ನೋಡಿ ಅವಳ ನಡಿಗೆ ನಿಧಾನವಾಯಿತು.

"ಹಿಲ್ಡಾ," ಎಂದಳು. ಯಾವಾಗಲೂ ಕೇಳುವ ಮಾತನ್ನೇ ಕೇಳಿದಳು, ಕೇಳುವಾಗ ದನಿ ಒಡೆಯಿತು. "ಗಾಜು ಹ್ಯಾಗಿದೆ?"

"ಒಡೆದಿದೆ."

ಐವಿ ಗೇಟಿನ ಕಂಬ ಹಿಡಿದುಕೊಂಡಳು. ಸಾಲಿನ ಉಳಿದ ಆರು ಮನೆಯ ಹೊಗೆಕೊಳವೆಗಳಿಂದ ಬೆಳಗಿನ ಹೊಗೆ ಏಳುತ್ತಿತ್ತು. ಎಲ್ಲಾ ಮನೆಯಲ್ಲೂ ಜನ ತಿಂಡಿಗೆ ಕೂತಿರುವ ಹೊತ್ತು.

"ನಮ್ಮದೂ," ಎಂದಳು ಐವಿ. "ಕ್ರಿಸ್‌ಮಸ್ಸಿಗೂ ಮುಂಚೆನೇ."

ಹಿಲ್ಡಾ ಬಟ್ಟಲನ್ನು ಕಂಬದ ಮೇಲಿಟ್ಟು ಅವಳ ತೋಳು ಹಿಡಿದುಕೊಂಡಳು. ಇಬ್ಬರೂ ಆದಷ್ಟು ಬೇಗ ಬೇಗ ಹೆಜ್ಜೆ ಹಾಕುತ್ತ, ಸಾಲಿನ ಮೊದಲನೆಯ ಬಾಗಿಲು ಬಡಿಯಲು ಹೊರಟರು.